ಬಾಗಿಲು, ಕಿಟಕಿ, ಬೀರುಗಳಿಗೆ ಮರ ಆರಿಸುವ ಬಗೆ

ಒಂದು ಮನೆಯ ಮರಗೆಲಸಕ್ಕೆಲ್ಲ ಒಂದೇ ಜಾತಿಯ ಮರ ಬೇಕೆಂಬ ನಿಯಮವೇನೂ ಇಲ್ಲ. ಗೋಡೆಗೆ ಹುದುಗಿ ನೆಲದ ತೇವವನ್ನೂ ಗೆದ್ದಲನ್ನೂ ಎದುರಿಸಬೇಕಾದ ಬಾಗಿಲವಾಡ, ಬಿಸಿಲಿಗೂ ಮಳೆಯ ಇರಚಲಿಗೂ ಮೈಯೊಡ್ಡಿ ನಿಲ್ಲುವ ಹೊರಬಾಗಿಲು, ದಿನವೂ ತೊಳೆದು ಅರಿಶಿನ ಕುಂಕುಮ ಇಡುವ ಹೊಸ್ತಿಲು, ನೆರಳಿನಲ್ಲೇ ಬಾಳುವ ಒಳಕೋಣೆಯ ಬೀರು, ಇವುಗಳ ಪಾಡು ಬೇರೆ ಬೇರೆ. ಎಲ್ಲಕ್ಕೂ ತೇಗವನ್ನೇ ಹಾಕಿಸುತ್ತೇನೆಂದು ಹೊರಟವರು ಹಣ ಸಾಲದೆ ಕೊನೆಗೆ ಎಲ್ಲ ಕಡೆಯೂ ಎಳೆಯ, ಹಸಿ ತೇಗಕ್ಕೆ ಒಪ್ಪಿಕೊಳ್ಳುವುದುಂಟು. ಅದಕ್ಕಿಂತ, ಹೊರಗಿನ ಚೌಕಟ್ಟುಗಳಿಗೆ ಬಲಿತ ಮರವನ್ನು ಕೊಂಡು, ಒಳಗಿನ ಕೆಲಸಕ್ಕೆ ಹಗುರ ಬೆಲೆಯ ಮರವನ್ನು ಚೆನ್ನಾಗಿ ಒಣಗಿಸಿ ಬಳಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾತಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಚೇಗು. ಕೊಯ್ದ ದಿಮ್ಮಿಯ ನಡುವೆ ಬಣ್ಣ ಗಾಢವಾಗಿರುವ ಭಾಗವೇ ಚೇಗು. ಕೆಲವೆಡೆ ಅದನ್ನು ಕೆಚ್ಚು ಎನ್ನುತ್ತಾರೆ. ಅದರ ಸುತ್ತಲಿನ ಬಿಳಿಚು ಪಟ್ಟಿ, ಮರ ಜೀವಂತವಾಗಿದ್ದಾಗ ನೀರನ್ನು ಸಾಗಿಸುತ್ತಿದ್ದ ಭಾಗ. ಅದರಲ್ಲಿ ಪಿಷ್ಟ ಉಳಿದಿರುವುದರಿಂದ ಮರ ಕೊರೆಯುವ ಹುಳುಗಳಿಗೆ ಅದು ಒಳ್ಳೆಯ ಆಹಾರ. ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲವೆಂಬ ಮಾತು ಅದರ ಚೇಗಿಗೆ ಮಾತ್ರ ಸಲ್ಲುತ್ತದೆ, ಏಕೆಂದರೆ ಹುಳುವನ್ನು ದೂರವಿಡುವ ರಾಸಾಯನಿಕಗಳು ಸೇರಿಕೊಳ್ಳುವುದು ಅಲ್ಲಿಯೇ. ತೇಗದ ಬಿಳಿ ಭಾಗವನ್ನು ಹುಳು ಬೇರೆ ಮರದಂತೆಯೇ ತಿನ್ನುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೇ ಕಡಿದ ತೋಟದ ತೇಗದಲ್ಲಿ ಈ ಬಿಳಿ ಪಾಲು ಹೆಚ್ಚು. ಅಂಥ ತೇಗಕ್ಕೂ ಹಿತ್ತಲಿನ ಹಳೆಯ ಹಲಸಿಗೂ ನಡುವೆ ಆಯ್ಕೆ ಬಂದರೆ ನಾನು ಹಲಸನ್ನೇ ಆರಿಸುವೆ. ಚೌಕಟ್ಟಿಗೆಂದು ತೋರಿಸಿದ ಪ್ರತಿಯೊಂದು ತುಂಡನ್ನೂ ನಾಲ್ಕು ಮಗ್ಗುಲು ತಿರುಗಿಸಿ ನೋಡಬೇಕು. ಬಣ್ಣವನ್ನೋ ಪಾಲಿಶನ್ನೋ ಮೊದಲೇ ಬಳಿದಿದ್ದರೆ, ಒಂದು ಕಡೆ ಉಜ್ಜುಗೊರಡು ಹಿಡಿಸಿ ನೋಡದೆ ಕೊಳ್ಳಬಾರದು.

ಎರಡನೆಯ ಸಂಗತಿ ಒಣಗು. ಹಸಿ ಮರದಲ್ಲಿರುವ ನೀರು ಮರದ ಒಣ ತೂಕದ ಸುಮಾರು ಶೇ 28ರಿಂದ 30ಕ್ಕೆ ಇಳಿಯುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗೆ ಇಳಿದಂತೆಲ್ಲ ಕುಗ್ಗುತ್ತ ಹೋಗುತ್ತದೆ. ಉದ್ದಕ್ಕೆ ಕುಗ್ಗುವುದು ನಗಣ್ಯ. ಅಗಲದಲ್ಲಿ ಮಾತ್ರ, ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವ ಪ್ರಮಾಣ ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಸ್ಥಿರವಾದ ಮರವೆಂದು ಹೆಸರಾದ ತೇಗದಲ್ಲೇ, ಒಂದು ಅಡಿ ಅಗಲದ ಹಲಗೆ ಶೇ 16ರಷ್ಟು ತೇವದಿಂದ ಶೇ 10ಕ್ಕೆ ಒಣಗಿದರೆ 3ರಿಂದ 4 ಮಿ.ಮೀ. ಕಿರಿದಾಗಬಹುದು. ಮಂಗಳೂರಿನಲ್ಲಿ ಮಾಡಿಸಿದ ಬಾಗಿಲನ್ನು ಬಳ್ಳಾರಿಯ ಮನೆಗೆ ಹಾಕಿದಾಗ ಹಲಗೆಗಳ ನಡುವೆ ಸಂದು ಬಿಡುವುದಕ್ಕೂ, ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಆಷಾಢದಲ್ಲಿ ಬಿಗಿಯುವುದಕ್ಕೂ ಇದೇ ಕಾರಣ. ಹೀಗಾಗಿ ಒಳನಾಡಿನ ಬಾಗಿಲು ಕಿಟಕಿಗಳಿಗೆ ಶೇ 10ರಿಂದ 12, ಕರಾವಳಿಗೆ ಶೇ 14ರಿಂದ 16 ತೇವವಿರುವ ಮರವನ್ನು ಬಳಸುವುದು ಸರಿಯಾದ ಅಳತೆ.

ತೇವವನ್ನು ಅಳೆಯುವ ಸಣ್ಣ ಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಅದನ್ನು ಹಲಗೆಯ ತುದಿಗೆ ಚುಚ್ಚಿ ನೋಡಿದರೆ ಪ್ರಯೋಜನವಿಲ್ಲ, ತುದಿ ಯಾವಾಗಲೂ ಮೊದಲು ಒಣಗುತ್ತದೆ. ಒಂದು ಅಡಿಯಾದರೂ ಒಳಗೆ, ಸಾಧ್ಯವಾದರೆ ಹೊಸದಾಗಿ ಕೊಯ್ದ ಮುಖದ ಮೇಲೆ ನೋಡಬೇಕು. ಮೀಟರ್ ಇಲ್ಲದಿದ್ದರೆ ಹಲಗೆಯ ನಡುವಿನಿಂದ ಸಣ್ಣ ತುಂಡು ತೆಗೆದು ತೂಗಿ, ಒಲೆಪೆಟ್ಟಿಗೆಯಲ್ಲಿ (ಓವನ್) 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವದ ಶೇಕಡಾ ಪ್ರಮಾಣ ದೊರೆಯುತ್ತದೆ. ಸ್ವಂತ ಮರವನ್ನು ಕೊಯ್ಯಿಸುವವರು ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ, ಎರಡೆರಡು ಅಡಿಗೆ ಒಂದರಂತೆ ತೆಳು ಪಟ್ಟಿಗಳನ್ನು ಕೊಟ್ಟು ಪೇರಿಸಿ, ತುದಿಗಳಿಗೆ ದಪ್ಪನಾಗಿ ಬಣ್ಣ ಬಳಿಯಬೇಕು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷವೆಂಬ ಹಳೆಯ ಲೆಕ್ಕವನ್ನು ನಂಬಬಹುದು. ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಮರ ಕೊಯ್ಯಿಸಿದರೆ ಈ ವ್ಯವಧಾನ ಸಿಗುವುದಿಲ್ಲ. ಆಗ ಯಂತ್ರದಲ್ಲಿ ಒಣಗಿಸಿದ ಮರವನ್ನೇ ಕೊಳ್ಳಬೇಕು.

ಇನ್ನು ಜಾತಿಗಳ ವಿಚಾರ. ತೇಗದ ಹಿರಿಮೆ ಅದರ ಗಡಸುತನದಲ್ಲಿಲ್ಲ. ಒಂದು ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಗುವ ಅದು ಮಧ್ಯಮ ತೂಕದ ಮರ. ಅದು ಕಡಿಮೆ ಕುಗ್ಗುತ್ತದೆ, ಸೊಟ್ಟಗಾಗುವುದಿಲ್ಲ, ಅದರ ಎಣ್ಣೆಯಂಶ ನೀರನ್ನು ತಡೆಯುತ್ತದೆ. ಅಗಲವಾದ ಹೊರಬಾಗಿಲಿಗೆ, ಮಳೆ ಬೀಳುವ ಕಡೆಯ ಕಿಟಕಿಗೆ ಇದಕ್ಕೆ ಸಾಟಿ ಕಡಿಮೆ. ಅದೇ ಎಣ್ಣೆಯಿಂದಾಗಿ ಅಂಟು ಸರಿಯಾಗಿ ಹಿಡಿಯದೆ ಹೋಗಬಹುದಾದ್ದರಿಂದ, ಗೊರಡು ಹಾಕಿದ ದಿನವೇ ಅಂಟು ಹಚ್ಚಿ ಬಿಗಿಯಬೇಕು. ತೇಗದಲ್ಲಿರುವ ಸಿಲಿಕಾ ಉಳಿ, ಗರಗಸಗಳ ಅಲಗನ್ನು ಬೇಗ ಮೊಂಡು ಮಾಡುತ್ತದೆ.

ಹೊನ್ನೆ ತೇಗಕ್ಕಿಂತ ಭಾರ, ಗಟ್ಟಿ, ಬಾಳಿಕೆಯಲ್ಲೂ ಉತ್ತಮ. ಬಾಗಿಲವಾಡಕ್ಕೆ ಬಹಳ ಒಳ್ಳೆಯದು. ನೀರು ತಾಗಿದಾಗ ಇದು ಹಳದಿ ಬಣ್ಣ ಬಿಡುತ್ತದೆ, ಆದ್ದರಿಂದ ಸುಣ್ಣ ಬಳಿದ ಗೋಡೆಗೆ ಹೊಂದಿಸುವ ಮುನ್ನ ಎಲ್ಲ ಮುಖಗಳಿಗೂ ವಾರ್ನಿಶ್ ಹಚ್ಚಿರಬೇಕು. ಮತ್ತಿ ಬಲಶಾಲಿ, ಆದರೆ ಒಣಗುವಾಗ ಬಿರುಕು ಬಿಡುವ ಸ್ವಭಾವದ್ದು. ತೊಲೆಗೆ, ಕಂಬಕ್ಕೆ ಅದು ತಕ್ಕದ್ದು, ಬಾಗಿಲ ಹಲಗೆಗೆ ಅಲ್ಲ. ನಂದಿಯ ಚೇಗನ್ನು ನಿಧಾನವಾಗಿ ಒಣಗಿಸಿದರೆ ಕಿಟಕಿ ಚೌಕಟ್ಟಿಗೆ ಬಳಸಬಹುದು.

ಹಲಸಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನನಗೆ ಅನಿಸುತ್ತದೆ. ಅದರ ಚೇಗು ಗೆದ್ದಲನ್ನು ತಡೆಯುತ್ತದೆ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಕೊಯ್ದಾಗ ಅಚ್ಚ ಹಳದಿಯಾಗಿದ್ದದ್ದು ಬೆಳಕಿಗೆ ಬರಬರುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆಯ ಕೊಡವನ್ನೂ ಮೃದಂಗದ ಕಳಸಿಗೆಯನ್ನೂ ಇದೇ ಮರದಲ್ಲಿ ಮಾಡುತ್ತ ಬಂದಿರುವುದು ಅದರ ಗುಣಕ್ಕೆ ಸಾಕ್ಷಿ. ಹೆಬ್ಬಲಸು ಇನ್ನೂ ಬಾಳಿಕೆಯದು. ಕರಾವಳಿಯಲ್ಲಿ ದೋಣಿಗೂ ಒದಗಿಬಂದ ಮರ. ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುವ ಬೇವಿಗೆ ಹುಳುವಿನ ಕಾಟ ಕಡಿಮೆಯಾದರೂ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಗೊರಡು ಹಾಕುವಾಗ ಮುಖ ಕಿತ್ತು ಬರುತ್ತದೆ. ಅಲಗನ್ನು ಚೆನ್ನಾಗಿ ಮಸೆದು, ತೆಳುವಾಗಿ ತೆಗೆಯಬೇಕು.

ಒಳಗಿನ ಬೀರು, ಕಪಾಟು, ಮಂಚಗಳಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್, ಕರಾವಳಿಯ ಅಕೇಶಿಯಾ, ರಬ್ಬರ್ ಮರ ಸಾಕು. ಸಿಲ್ವರ್ ಓಕ್‌ಗೂ ರಬ್ಬರ್‌ಗೂ ಗೆದ್ದಲನ್ನು ತಡೆಯುವ ಶಕ್ತಿಯಿಲ್ಲ. ರಬ್ಬರ್ ಮರವನ್ನು ಕೊಯ್ದೊಡನೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣದಿಂದ ಸಂಸ್ಕರಿಸದಿದ್ದರೆ ಹುಳು ಕೊರೆದು ಅದು ಕೆಲವೇ ತಿಂಗಳಲ್ಲಿ ಹಿಟ್ಟು ಉದುರಿಸತೊಡಗುತ್ತದೆ. ಈ ಸಂಸ್ಕಾರ ನೀರಿನಲ್ಲಿ ತೊಳೆದುಹೋಗುವಂಥದ್ದಾದ್ದರಿಂದ ಮಳೆಗೆ ಒಡ್ಡುವ ಜಾಗದಲ್ಲಿ ಇಂಥ ಮರ ಬೇಡ. ಮಾವೂ ಇದೇ ಸಾಲಿಗೆ ಸೇರಿದ್ದು.

ಬೀಟೆಯನ್ನು ಚೌಕಟ್ಟಿಗೆ ಬಳಸುವುದು ಮರಕ್ಕೆ ಮಾಡುವ ಅನ್ಯಾಯ. ಹಲಗೆಯನ್ನು ಕೆತ್ತಿ ಬೇರೆ ಬಣ್ಣದ ತುಂಡುಗಳನ್ನು ಕೂರಿಸುವ ಮೈಸೂರಿನ ಕೆತ್ತುಕೂಡಿಕೆಯ ಕೆಲಸಕ್ಕೆ ಆಧಾರವಾದ ಈ ಮರ ಈಗ ವಿರಳ. 2017ರಿಂದ ಅದರ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಹೊರದೇಶದ ಮರಗಳಲ್ಲಿ ಹೆಸರಿಗೆ ಮರುಳಾಗಬಾರದು. ಆಫ್ರಿಕಾದ ನೆಡುತೋಪಿನ ನಿಜವಾದ ತೇಗವೂ ಬರುತ್ತದೆ, ತೇಗದ ಕುಲಕ್ಕೇ ಸೇರದ ಮರಗಳೂ ‘ಆಫ್ರಿಕನ್ ತೇಗ’ ಎಂದು ಮಾರಾಟವಾಗುತ್ತವೆ. ದೊಡ್ಡ ಮೊತ್ತದ ಖರೀದಿಯಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಜಾತಿಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು.

ಜಾತಿ ನಿರ್ಧಾರವಾದ ಮೇಲೆ ತುಂಡುಗಳ ಆಯ್ಕೆ. ಹಲಗೆಯ ತುದಿಯನ್ನು ನೋಡಿದಾಗ ಉಂಗುರಗಳು ಅಗಲವಾದ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಕುಗ್ಗುತ್ತದೆ, ಬಾಗುವುದಿಲ್ಲ. ಅಂಥವನ್ನು ಬಾಗಿಲಿನ ನಿಲುವುಪಟ್ಟಿಗಳಿಗೆ ಮೀಸಲಿಡಬೇಕು. ದಿಮ್ಮಿಯ ನಟ್ಟನಡುವಿನ ಮೆದು ತಿರುಳು ಸೇರಿಕೊಂಡ ತುಂಡು ಇಂದಲ್ಲ ನಾಳೆ ಸೀಳುತ್ತದೆ, ಅದು ಬೇಡ. ಕೀಲು ಕೂಡುವ ಜಾಗದಲ್ಲಿ, ತಿರುಗಣಿ (ಹಿಂಜ್) ಬರುವ ಜಾಗದಲ್ಲಿ ಗಂಟು ಇರಬಾರದು. ಬಾಗಿಲ ನಡುವಿನ ಹಲಗೆಯನ್ನು ಎಂದೂ ಅಂಟು ಹಾಕಿ ಅಥವಾ ಮೊಳೆ ಹೊಡೆದು ಕಟ್ಟಿಹಾಕದೆ, ಬಾಗಿಲಿನ ಪಟ್ಟಿಗಳಲ್ಲಿ ಕೊರೆದ ಕಾಲುವೆಯೊಳಗೆ ಎರಡೂ ಕಡೆ ಎರಡು ಮೂರು ಮಿ.ಮೀ. ಜಾಗ ಬಿಟ್ಟು ಕೂರಿಸಿದರೆ ಮಳೆಗಾಲ ಬೇಸಿಗೆಗಳಲ್ಲಿ ಅದು ಹಿಗ್ಗಿ ಕುಗ್ಗಲು ಅವಕಾಶವಿರುತ್ತದೆ.

ಘನ ಅಡಿಯ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು: ಅಡಿಯಲ್ಲಿ ಉದ್ದ, ಅಂಗುಲದಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸ್ತಿಲು ಸೇರಿದ ಬಾಗಿಲವಾಡಕ್ಕೆ 5 ಅಂಗುಲ 3 ಅಂಗುಲದ ಮರ 21 ಅಡಿ ಬೇಕು, ಅಂದರೆ ಸುಮಾರು 2.2 ಘನ ಅಡಿ. ಗೊರಡು ಹಾಕಿದ ಮೇಲೆ ಉಳಿಯುವ ಅಳತೆ ಇದಕ್ಕಿಂತ ಕಡಿಮೆ. ಸ್ವಂತ ಜಮೀನಿನ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಪಡೆಯಬೇಕು. ಸಿಲ್ವರ್ ಓಕ್, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿಯಿದೆ. ಅಂಗಡಿಯಿಂದ ಕೊಂಡರೆ ಬಿಲ್ಲಿನಲ್ಲಿ ಜಾತಿಯ ಹೆಸರನ್ನು ಬರೆಸಿಕೊಳ್ಳಬೇಕು.

ತಂದ ಮರವನ್ನು ಕೆಲಸಕ್ಕೆ ಇಳಿಸುವ ಮೊದಲು ಒಂದೆರಡು ವಾರ ಆ ಮನೆಯಲ್ಲೇ ಇಡಿ, ಆದರೆ ಹಸಿ ಗಾರೆಯ ಪಕ್ಕದಲ್ಲಿ ಅಲ್ಲ. ಬಾಗಿಲವಾಡವನ್ನು ಗೋಡೆಗೆ ನಿಲ್ಲಿಸುವ ಮುನ್ನ, ಮುಂದೆ ಎಂದೂ ಕೈಗೆ ಸಿಗದ ಹಿಂಬದಿಗೂ, ನೆಲಕ್ಕೆ ತಾಗುವ ಕಾಲುಗಳ ಕೊಯ್ದ ತುದಿಗಳಿಗೂ ಎರಡು ಕೈ ಪ್ರೈಮರ್ ಹಚ್ಚಿಸಿ, ಒಣಗಿದ ಮೇಲೆ ನಿಲ್ಲಿಸಿ.