ಲಿಟ್ಮಸ್ ಬದಲು ಉಳ್ಳಾಗಡ್ಡಿ

ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಹತ್ತನೇ ತರಗತಿಗೆ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದಳು. ಆಮ್ಲ, ಪ್ರತ್ಯಾಮ್ಲದ ಪಾಠ ಅಂದರೆ ಲಿಟ್ಮಸ್ ಕೆಂಪಾಯಿತು, ನೀಲಿಯಾಯಿತು ಅನ್ನುವುದೇ ಜಾಸ್ತಿ ಅಲ್ವಾ? ಪಕ್ಕದವಳು ಬಣ್ಣ ಹೇಳಿದರೆ ಇವಳು ಬರೆಸಬೇಕು. ಅದರಲ್ಲಿ ಇವಳು ಕಂಡುಕೊಂಡದ್ದು ಏನೂ ಇಲ್ಲ.

ದಾರಿ ಪಠ್ಯಪುಸ್ತಕದಲ್ಲೇ ಇತ್ತು. ಬಣ್ಣದ ಬದಲು ವಾಸನೆಯಿಂದ ಆಮ್ಲ, ಪ್ರತ್ಯಾಮ್ಲ ತಿಳಿಸುವ ಸೂಚಕಗಳ ಆ ಚಟುವಟಿಕೆಯನ್ನು ನಾವು ಬಹಳ ಜನ ಸುಮ್ನೆ ಓದಿಸಿ ಮುಂದೆ ಹೋಗುತ್ತೇವೆ. ಉಳ್ಳಾಗಡ್ಡಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಸಣ್ಣಗೆ ಹೆಚ್ಚಿ, ಬಟ್ಟೆಯ ಪಟ್ಟಿಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. (ಫ್ರಿಜ್ ನಮ್ಮ ಮನೆಯದು. ಬೆಳಿಗ್ಗೆ ಹಾಲಿಗೂ ಅದೇ ವಾಸನೆ.) ಒಂದು ಪಟ್ಟಿಗೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದ ಹನಿ, ಇನ್ನೊಂದಕ್ಕೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್. ಹನಿ ಹಾಕಿದ್ದು ನಾನೇ. ಪಟ್ಟಿಗಳನ್ನು ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆಯೇ ಮಕ್ಕಳ ಮೂಗಿನ ಹತ್ತಿರ. ಆಮ್ಲದ ಪಟ್ಟಿಯಲ್ಲಿ ವಾಸನೆ ಉಳಿಯುತ್ತದೆ, ಪ್ರತ್ಯಾಮ್ಲದ್ದರಲ್ಲಿ ಹೋಗುತ್ತದೆ. ವೆನಿಲ್ಲಾ ಎಸೆನ್ಸ್ ಕೂಡ ಹಾಗೇ.

ಇದನ್ನು ಅವಳೊಬ್ಬಳಿಗೆ ಮಾಡಿಸಲಿಲ್ಲ, ಇಡೀ ತರಗತಿಗೆ ಮಾಡಿಸಿದೆ. ಒಬ್ಬಳಿಗೇ ಬೇರೆ ಪ್ರಯೋಗ ಅಂದರೆ ಅದು ಬೇರೆ ಬೆಂಚೇ. ಎಲ್ಲರಿಗೂ ಕಣ್ಣು ಮುಚ್ಚಿ ಮೂಸಲು ಹೇಳಿದೆ. ಅವತ್ತು ಎಲ್ಲರಿಗಿಂತ ಮೊದಲು ಸರಿಯಾಗಿ ಹೇಳಿದವಳು ಅವಳೇ.

ಅದೇ ಪಾಠದಲ್ಲಿ ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆ ಅಂತ ಬಲ್ಬ್ ಹೊತ್ತಿಸಿ ತೋರಿಸುತ್ತೇವಲ್ಲ, ಅಲ್ಲಿ ಬಲ್ಬ್ ತೆಗೆದು ಬಜರ್ ಹಾಕಿದೆ. ಬಜರ್‌ನ ಕೆಂಪು ವೈರ್ ಬ್ಯಾಟರಿಯ ಪ್ಲಸ್ ಕಡೆಗೇ ಇರಬೇಕು, ಇಲ್ಲದಿದ್ದರೆ ಕೂಗುವುದಿಲ್ಲ. ಗ್ಲೂಕೋಸ್ ದ್ರಾವಣಕ್ಕೆ ಮೌನ. ಆ ಮೌನವೂ ಒಂದು ಉತ್ತರ ಅಂತ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ವೈರ್ ಕಿತ್ತಿದೆ ಅಂತ ಹುಡುಕುತ್ತಾ ಕೂರುತ್ತಾರೆ.

ಕೆಳಗಿನ ತರಗತಿಯಲ್ಲಿ ಕಿವಿ ಕೇಳದ ಹುಡುಗನೊಬ್ಬನಿದ್ದ. ಅವನಿಗೆ ಶಬ್ದದ ಪಾಠ! ಹೋಳಿಯ ಹಲಗಿ ತರಿಸಿ, ಅದರ ಮೇಲೆ ಜೋಳದ ಕಾಳು ಹಾಕಿ ಬಾರಿಸಿದೆವು. ಜೋರಾಗಿ ಬಾರಿಸಿದರೆ ಕಾಳು ಎತ್ತರಕ್ಕೆ ಹಾರುತ್ತದೆ. ಕಂಪನದ ಪಾರ, ಅಂದರೆ ಕಂಪನ ಎಷ್ಟು ದೊಡ್ಡದು ಅನ್ನುವುದು, ಅವನಿಗೆ ಕಣ್ಣಿಗೂ ಕೈಗೂ ಸಿಕ್ಕಿತು. ಅವನಿದ್ದಾಗ ಬೋರ್ಡ್ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟೆ, ಅಷ್ಟೇ ಸಾಕಾಗಿದ್ದೂ ಉಂಟು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿದೆ. ಒಬ್ಬ ವಿಜ್ಞಾನ ಶಿಕ್ಷಕನಿಗೆ ಅಷ್ಟೂ ತಿಳಿದಿರಲು ಆಗುವುದಿಲ್ಲ. ಬ್ಲಾಕ್‌ನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ) ಶಿಕ್ಷಕರನ್ನು ಕೇಳಿ. ಆದರೆ ಪಾಠಕ್ಕೆ ಮೊದಲು ಕೇಳಿ, ಪರೀಕ್ಷೆ ಹತ್ತಿರ ಬಂದಾಗ ಅಲ್ಲ.

ಪರೀಕ್ಷೆ ಅಂದಾಗ ನೆನಪಾಯಿತು. ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು ಸಿಕ್ಕಿದರೆ ಸಾಲದು, ಸಮೀಕರಣ ಬರೆಸುವುದನ್ನೂ ಕಲಿಸಬೇಕು. ನೀರಿನ ಎರಡು ಅಣು ಅನ್ನಲು ಕಣ್ಣು ಕಾಣದ ಆ ಹುಡುಗಿ ‘ಮುಂದೆ ದೊಡ್ಡ ಎರಡು, ಎಚ್, ಕೆಳಗೆ ಸಣ್ಣ ಎರಡು, ಓ’ ಎಂದು ಹೇಳುತ್ತಿದ್ದಳು. ಬರೆಯುವವರಿಗೆ ರಸಾಯನಶಾಸ್ತ್ರ ಗೊತ್ತಿರಬೇಕು ಅಂತೇನಿಲ್ಲವಲ್ಲ. ಪ್ರತಿ ಶನಿವಾರ ಬೇರೆ ಬೇರೆ ಹುಡುಗಿಯರಿಗೆ ಹೀಗೆ ಹೇಳಿ ಬರೆಸುವುದೇ ಅವಳ ಅಭ್ಯಾಸವಾಯಿತು.