ಚಿಕ್ಕ ಮಕ್ಕಳೊಂದಿಗೆ ಜರ್ಮನಿಯಲ್ಲಿ ಬೇಸಿಗೆ ರಜೆ: ನನ್ನ ಅನುಭವ

ಆರು ವರ್ಷದ ಮಗಳು, ಮೂರು ವರ್ಷದ ಮಗ ಮತ್ತು ಎಪ್ಪತ್ತರ ಸಮೀಪದ ಅತ್ತೆಯವರನ್ನು ಕರೆದುಕೊಂಡು ಜರ್ಮನಿಗೆ ಹೋಗುವುದೆಂದು ನಿಶ್ಚಯವಾದಾಗ, ನಾನು ಮತ್ತು ನನ್ನ ಪತಿ ಮೊದಲು ಮಾಡಿದ ಕೆಲಸವೆಂದರೆ ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಅರಮನೆ, ಇಗರ್ಜಿ, ಚಿತ್ರಶಾಲೆಗಳನ್ನು ತೆಗೆದುಹಾಕಿದ್ದು. ಅವು ನೋಡತಕ್ಕವಲ್ಲ ಎಂದಲ್ಲ, ಮೂರು ವರ್ಷದ ಮಗುವಿಗೆ ಅಲ್ಲಿ ಮಾಡಲು ಏನೂ ಇರುವುದಿಲ್ಲ ಎಂಬುದೇ ಕಾರಣ. ಚಲಿಸುವ ವಾಹನ, ಹರಿಯುವ ನೀರು, ಹತ್ತಿರದಿಂದ ಕಾಣುವ ಪ್ರಾಣಿ, ಈ ಮೂರರಲ್ಲಿ ಒಂದಾದರೂ ಇರುವ ಜಾಗವನ್ನಷ್ಟೇ ಆರಿಸಿಕೊಳ್ಳಬೇಕು, ದಿನಕ್ಕೆ ಒಂದೇ ಜಾಗ ಸಾಕು, ಉಳಿದ ಹೊತ್ತನ್ನು ಮನೆಯ ಹತ್ತಿರದ ಪಾರ್ಕಿಗೆ ಬಿಟ್ಟುಕೊಡಬೇಕು ಎಂದು ನಾವು ಮಾತನಾಡಿಕೊಂಡೆವು. ಈ ಕ್ರಮವನ್ನು ಕೊನೆಯವರೆಗೂ ಬಿಡಲಿಲ್ಲ.

ನಮ್ಮ ಶಾಲೆಗಳ ರಜೆ ಇರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಆದ್ದರಿಂದ ಮೇ ತಿಂಗಳನ್ನು ಆರಿಸಿಕೊಂಡೆವು. ಆ ಹೊತ್ತಿಗೆ ಅಲ್ಲಿ ಮರಗಳು ಚಿಗುರಿರುತ್ತವೆ, ಹಗಲು ದೀರ್ಘವಾಗಿರುತ್ತದೆ. ಆದರೆ ಒಂದು ದಿನ ಅಂಗಿ ಸಾಕೆನಿಸಿದರೆ ಮರುದಿನ ಸ್ವೆಟರ್ ಮತ್ತು ಮಳೆಯಂಗಿ ಎರಡೂ ಬೇಕಾಗುತ್ತವೆ. ತಿಂಗಳ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಮಕ್ಕಳು ನಿದ್ದೆಗೆ ಒಪ್ಪುವುದಿಲ್ಲ. ಕಿಟಕಿಗೆ ಕಟ್ಟಲು ಒಂದು ದಪ್ಪನೆಯ ಬೆಡ್‌ಶೀಟನ್ನು ಒಯ್ದದ್ದು ಬಹಳ ಉಪಯೋಗಕ್ಕೆ ಬಂದಿತು. ಹೋಟೆಲಿನ ಬದಲು ಅಡುಗೆಮನೆಯಿರುವ ಬಾಡಿಗೆ ಮನೆಯನ್ನು ಹಿಡಿದೆವು. ಸಾರಿನ ಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಜೊತೆಗಿದ್ದುದರಿಂದ ಮಕ್ಕಳ ಊಟದ ಚಿಂತೆ ಇರಲಿಲ್ಲ.

ಮೊದಲ ನೆಲೆ ಮ್ಯೂನಿಕ್. ಅಲ್ಲಿ ಈಸರ್ ನದಿಯ ದ್ವೀಪದ ಮೇಲಿರುವ ಡಾಯ್ಚಸ್ ಮ್ಯೂಸಿಯಂ 1903ರಲ್ಲಿ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ ಅವರ ಪ್ರಯತ್ನದಿಂದ ಸ್ಥಾಪನೆಯಾದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಗ್ರಹಾಲಯ. ಅದು ಎಷ್ಟು ದೊಡ್ಡದೆಂದರೆ ದೊಡ್ಡವರಿಗೂ ಒಂದು ದಿನ ಸಾಲದು. ನಾವು ಅಲ್ಲಿಗೆ ಹೋದದ್ದು ಮೂರರಿಂದ ಎಂಟು ವರ್ಷದವರಿಗಾಗಿ ಮಾಡಿರುವ 'ಕಿಂಡರ್‌ರೈಷ್' ಎಂಬ ಮಕ್ಕಳ ವಿಭಾಗಕ್ಕಾಗಿ. ಮಗು ಒಳಗೆ ಹೋಗಿ ಕುಳಿತುಕೊಳ್ಳಬಹುದಾದಷ್ಟು ದೊಡ್ಡ ಗಿಟಾರ್ ಅಲ್ಲಿದೆ. ತಂತಿ ಮೀಟಿದಾಗ ಮರದ ಪೆಟ್ಟಿಗೆಯೇ ನಡುಗುವುದು ಮೈಗೆ ತಿಳಿಯುತ್ತದೆ. ನಾದವೆಂದರೆ ಕಂಪನ ಎಂದು ನಾನು ಮಗಳಿಗೆ ಹೇಳಬೇಕಾಗಿಯೇ ಬರಲಿಲ್ಲ. ಮಗನಂತೂ ಹತ್ತಿ ಕುಳಿತ ಅಗ್ನಿಶಾಮಕ ವಾಹನದಿಂದ ಕೆಳಗಿಳಿಯಲು ಸಿದ್ಧನಿರಲಿಲ್ಲ. ಉಳಿದ ವಿಭಾಗಗಳಲ್ಲಿ ನಾವು ನೋಡಿದ್ದು ಅತಿ ಕಡಿಮೆ, ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಪ್ರವೇಶ ದರವಿಲ್ಲದ, ಯಾವ ಪ್ರವಾಸಿ ಪುಸ್ತಕವೂ ವಿಸ್ತಾರವಾಗಿ ಹೇಳದ ಸಾರ್ವಜನಿಕ ಮಕ್ಕಳ ಪಾರ್ಕುಗಳ ಬಗ್ಗೆ ನಾನು ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕು. ಜರ್ಮನ್ ನಗರಗಳ ಬಡಾವಣೆಗಳಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಒಂದಲ್ಲ ಒಂದು 'ಶ್ಪೀಲ್‌ಪ್ಲಾಟ್ಸ್' ಇದ್ದೇ ಇರುತ್ತದೆ. ಅಲ್ಲಿ ಬಣ್ಣದ ಪ್ಲಾಸ್ಟಿಕ್ಕಿಗಿಂತ ಮರ, ಹಗ್ಗ ಮತ್ತು ಮರಳು ಹೆಚ್ಚು. ಕೆಲವು ಕಡೆ ಕೈಪಂಪು ಇರುತ್ತದೆ. ಮಕ್ಕಳು ಪಂಪು ಹೊಡೆದು, ಮರದ ಕಾಲುವೆಗಳಲ್ಲಿ ನೀರು ಹರಿಸಿ, ಮರಳಿನಲ್ಲಿ ಕಟ್ಟೆ ಕಟ್ಟಿ, ಅದನ್ನು ಒಡೆದು ಮತ್ತೆ ಕಟ್ಟುತ್ತಾರೆ. ಒಬ್ಬರು ಪಂಪು ಹೊಡೆದರೆ ಇನ್ನೊಬ್ಬರಿಗೆ ನೀರು ಸಿಗುವ ಏರ್ಪಾಡಾದ್ದರಿಂದ ಭಾಷೆ ಗೊತ್ತಿಲ್ಲದ ಮಕ್ಕಳೂ ಬಹುಬೇಗ ಜೊತೆಗೂಡುತ್ತಾರೆ. ನನ್ನ ಮಗಳು ಅಲ್ಲಿಯ ಹುಡುಗಿಯೊಬ್ಬಳಿಗೆ ಕನ್ನಡದಲ್ಲಿಯೇ "ಇಲ್ಲಿ ಅಡ್ಡ ಇಡು, ಇಲ್ಲಿ" ಎಂದು ಹೇಳುತ್ತಿದ್ದಳು, ಆ ಹುಡುಗಿ ಅಲ್ಲಿಯೇ ಮರಳು ಹಾಕುತ್ತಿದ್ದಳು. ಅಲ್ಲಿನ ತಂದೆತಾಯಿಗಳು ಬೆಂಚಿನ ಮೇಲೆ ಕುಳಿತು ನೋಡುತ್ತಾರೆ. ಮಗು ಹಗ್ಗದ ಬಲೆಯನ್ನು ಏರುವಾಗ ಅದನ್ನು ಎತ್ತಿ ಮೇಲಕ್ಕೆ ಕೂರಿಸುವುದಿಲ್ಲ. ತಾನಾಗಿ ಏರಬಲ್ಲ ಮಗು ತಾನಾಗಿ ಇಳಿಯಲೂ ಬಲ್ಲದು ಎಂಬುದು ಅವರ ಲೆಕ್ಕ. ಮೊದಮೊದಲು ಕೈಚಾಚಿಕೊಂಡು ಹಿಂದೆಯೇ ನಿಲ್ಲುತ್ತಿದ್ದ ಅತ್ತೆಯವರೂ ಕೆಲವು ದಿನಗಳಲ್ಲಿ ಬೆಂಚಿಗೆ ಹೋಗಿ ಕುಳಿತು, ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಾ ಮೊಮ್ಮಗನನ್ನು ನೋಡತೊಡಗಿದರು.

ಕೆಸರಿನ ಆಟಕ್ಕೆ ಅಲ್ಲಿ ಪ್ರತ್ಯೇಕ ಉಡುಪೇ ಇದೆ. 'ಮಾಟ್ಶ್‌ಹೋಸೆ' ಎಂಬ ನೀರಿಳಿಯದ ಪ್ಯಾಂಟನ್ನು ಒಳಗಿನ ಬಟ್ಟೆಯ ಮೇಲೆ ತೊಡಿಸಿ ಭುಜದ ಪಟ್ಟಿ ಏರಿಸಿದರೆ ಮಗು ಹೊಂಡದಲ್ಲಿ ಕುಳಿತರೂ ಒದ್ದೆಯಾಗುವುದಿಲ್ಲ. ಹೋದ ಕೂಡಲೇ ಎರಡು ಜೊತೆ ಕೊಂಡೆವು. ಚಳಿ, ಮಳೆ ಎಂದು ಒಳಗೆ ಕುಳಿತು ಕಳೆಯಬೇಕಾಗಿದ್ದ ದಿನಗಳನ್ನು ಅವು ಉಳಿಸಿದವು.

ಮ್ಯೂನಿಕ್ಕಿನಲ್ಲಿ ಸಸ್ಯಾಹಾರಿ ಕುಟುಂಬವೊಂದು ಹೊರಗೆ ಊಟ ಮಾಡಲು ಅತಿ ಅನುಕೂಲವಾದ ಜಾಗ, ಬಯಲಿನಲ್ಲಿ ಮೇಜು ಹಾಕಿ ಬಿಯರ್ ಕೊಡುವ ಬಿಯರ್ ಗಾರ್ಡನ್ ಎಂದರೆ ನಮ್ಮಲ್ಲಿ ಹಲವರು ನಂಬಲಾರರು. 1812ರಲ್ಲಿ, ಮ್ಯೂನಿಕ್ ರಾಜಧಾನಿಯಾಗಿರುವ ಬವೇರಿಯಾ ರಾಜ್ಯದ ರಾಜ ಮೊದಲನೆಯ ಮ್ಯಾಕ್ಸಿಮಿಲಿಯನ್ ಬಿಯರ್ ತಯಾರಕರಿಗೆ ತಮ್ಮ ನೆಲಮಾಳಿಗೆಗಳ ಬಳಿ ಬಿಯರ್ ಮಾರಲು ಅನುಮತಿ ಕೊಟ್ಟು, ಬ್ರೆಡ್ಡಿನ ಹೊರತು ಊಟ ಮಾರುವುದನ್ನು ತಡೆದನು. ಅದರಿಂದಾಗಿ ಗಿರಾಕಿಗಳು ಬುತ್ತಿ ಕಟ್ಟಿಕೊಂಡು ಬರುವ ರೂಢಿ ಬೆಳೆಯಿತು, ಈಗ ರಾಜ್ಯದ ನಿಯಮಾವಳಿಯೂ ಅದನ್ನು ಮನ್ನಿಸುತ್ತದೆ. ಮೇಜುಬಟ್ಟೆ ಹಾಸಿರದ ಮೇಜಿನಲ್ಲಿ ಕುಳಿತು ಪಾನೀಯವನ್ನು ಅಲ್ಲಿಯೇ ಕೊಂಡರೆ ಊಟ ನಮ್ಮದೇ ಆಗಿರಬಹುದು. ಇಂಗ್ಲಿಷ್ ಗಾರ್ಡನ್ ಎಂಬ ವಿಶಾಲ ಉದ್ಯಾನದ ಚೀನೀ ಗೋಪುರದ ಬಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ 'ಆಪ್ಫೆಲ್‌ಶೋರ್ಲೆ'ಯೊಂದಿಗೆ ನಾವು ಚಪಾತಿ ಪಲ್ಯ ಮತ್ತು ಪುಳಿಯೋಗರೆಯನ್ನು ತಿಂದೆವು. ಅತ್ತೆಯವರಿಗೆ ಮೊದಲು ಸಂಕೋಚವಿತ್ತು. ಸುತ್ತಲಿನ ಮೇಜುಗಳಲ್ಲಿ ಅಜ್ಜ ಅಜ್ಜಿಯರು, ಕೈಗೂಸುಗಳು, ಊಟದ ಡಬ್ಬಿಗಳು ಕಾಣಿಸಿದ ಮೇಲೆ ಅದು ಹೋಯಿತು. ಪಕ್ಕದಲ್ಲಿಯೇ ನೂರು ವರ್ಷಕ್ಕೂ ಹಳೆಯದಾದ ಮರದ ಕುದುರೆಗಳ ತಿರುಗುಣಿ ಇದೆ. ದೊಡ್ಡವರು ನಿಧಾನವಾಗಿ ಊಟ ಮುಗಿಸಲು ಅದು ಸಾಕಾಯಿತು.

ಪ್ರಾಣಿಗಳಿಗಾಗಿ ಮ್ಯೂನಿಕ್ಕಿನಲ್ಲಿ 1911ರಷ್ಟು ಹಿಂದೆಯೇ ಆರಂಭವಾದ ಹೆಲಬ್ರುನ್ ಮೃಗಾಲಯವಿದೆ. ಪ್ರಾಣಿಗಳನ್ನು ಖಂಡಗಳ ಪ್ರಕಾರ ವಿಂಗಡಿಸಿರುವ ಆ ಮೃಗಾಲಯ ಚೆನ್ನಾಗಿದೆ. ಆದರೂ ಚಿಕ್ಕವರಿಗೆ ನಾನು ಹೇಳುವುದು ಎಸ್-ಬಾನ್ ಎಂಬ ಉಪನಗರ ರೈಲಿನಲ್ಲಿ ಹೋಗಬಹುದಾದ ಪೋಯಿಂಗ್ ಊರಿನ ವನ್ಯಧಾಮವನ್ನು. ಅಲ್ಲಿ ಕಾಳು ಕೊಂಡು ಅಂಗೈಯಲ್ಲಿ ಹಿಡಿದರೆ ಬಿಡುಬೀಸಾಗಿ ಓಡಾಡುವ ಜಿಂಕೆಗಳು ಬಂದು ತಿನ್ನುತ್ತವೆ. ಹುಲಿಯನ್ನು ದೂರದಿಂದ ನೋಡಿದ್ದನ್ನು ನನ್ನ ಮಗ ಮರೆತಿದ್ದಾನೆ, ಜಿಂಕೆಯ ನಾಲಿಗೆ ತಾಗಿದ್ದನ್ನು ಮರೆತಿಲ್ಲ.

ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಕಡೆಗೂ ಒಂದು ದಿನ ಹೋದೆವು, ಆದರೆ ಒಳಗೆ ಹೋಗಲಿಲ್ಲ. ಒಳಗೆ ನಿಗದಿತ ವೇಳೆಯ ಮಾರ್ಗದರ್ಶಕರ ಜೊತೆಯಲ್ಲಿಯೇ ಸಾಗಬೇಕು, ಸ್ಟ್ರೋಲರನ್ನು ಬಿಡುವುದಿಲ್ಲ, ಮೇಲಕ್ಕೆ ಕಡಿದಾದ ಏರುದಾರಿ. ಕೆಳಗಿನಿಂದ ಅರಮನೆಯನ್ನು ತೋರಿಸಿ, ಹತ್ತಿರದ ಆಲ್ಪ್‌ಸೇ ಸರೋವರದ ದಡದಲ್ಲಿ ನೀರಿಗೆ ಕಲ್ಲೆಸೆಯುತ್ತಾ ಮಧ್ಯಾಹ್ನ ಕಳೆದೆವು. ಈ ಪ್ರಯಾಣಕ್ಕೆ 'ಬಯೆರ್ನ್ ಟಿಕೆಟ್' ಕೊಂಡಿದ್ದೆವು. ಐದು ಜನರ ತನಕ ಒಂದೇ ಟಿಕೆಟ್ಟಿನಲ್ಲಿ ಬವೇರಿಯಾದ ಪ್ರಾದೇಶಿಕ ರೈಲುಗಳಲ್ಲಿ ದಿನವಿಡೀ ಓಡಾಡಬಹುದು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ನಂತರ ಮಾತ್ರ ಊರ್ಜಿತ. ಚಿಕ್ಕ ಮಕ್ಕಳನ್ನು ತಿಂಡಿ ತಿನ್ನಿಸಿ ಹೊರಡಿಸುವವರಿಗೆ ಆ ವೇಳೆ ತಾನಾಗಿಯೇ ಹೊಂದುತ್ತದೆ.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದ ಒಂದೆರಡು ವಿಷಯಗಳಿವೆ. ಮಕ್ಕಳಿಗೆ ಎಲ್ಲೆಲ್ಲೂ ಪ್ರೀತಿಯಿಂದ ಕೊಡುವ ಬಣ್ಣದ ಅಂಟು ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ 'ವೆಗಾನ್' ಅಥವಾ 'ವೆಗೆಟಾರಿಶ್' ಎಂದಿದೆಯೇ ಎಂದು ನೋಡಿಕೊಳ್ಳಬೇಕು. ಮಾಂಸದಂಗಡಿಯವರು ಮಗುವಿನ ಕೈಗೆ ಒಂದು ತುಂಡು ಸಾಸೇಜ್ ಕೊಡುವ ವಾಡಿಕೆಯೂ ಇದೆ. ನಗುತ್ತಾ ಬೇಡವೆಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೇಕರಿಯ ಬ್ರೆಟ್ಸೆಲ್ (ಗಂಟು ಹಾಕಿದಂತಿರುವ ಬ್ರೆಡ್) ಮತ್ತು ಹಣ್ಣಿನ ಮೇಲೆ ಮಕ್ಕಳು ಎಷ್ಟು ಹೊತ್ತಾದರೂ ಇರಬಲ್ಲರು, ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದು.

ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ದಿನಸಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಮೇ ತಿಂಗಳಲ್ಲಿ ಅಂಥ ರಜೆಗಳೂ ಹೆಚ್ಚು. ದೊಡ್ಡ ರೈಲು ನಿಲ್ದಾಣಗಳ ಅಂಗಡಿಗಳು ತೆರೆದಿರುತ್ತವೆ, ಆದರೆ ಹಾಲು, ಡಯಾಪರ್, ಜ್ವರದ ಔಷಧಿಗಳನ್ನು ಶನಿವಾರವೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಭಾನುವಾರ ಮಗನಿಗೆ ಜ್ವರ ಬಂದಾಗ ಸರದಿಯ ಮೇಲೆ ತೆರೆದಿರುವ ಔಷಧದಂಗಡಿಯನ್ನು ಹುಡುಕಿದೆವು. ಮುಚ್ಚಿದ ಅಂಗಡಿಗಳ ಬಾಗಿಲಿನಲ್ಲಿಯೇ ಆ ದಿನದ ಸರದಿ ಯಾರದೆಂದು ಬರೆದಿರುತ್ತದೆ. ಅಂಥ ಹೊತ್ತಿನಲ್ಲಿ ಎರಡೂವರೆ ಯೂರೋ ಹೆಚ್ಚುವರಿ ಶುಲ್ಕವಿದೆ. ತುರ್ತಲ್ಲದ ಸ್ಥಿತಿಯಲ್ಲಿ ವೈದ್ಯರಿಗಾಗಿ 116117, ಪ್ರಾಣಾಪಾಯದ ಸಂದರ್ಭದಲ್ಲಿ 112, ಈ ಎರಡು ಸಂಖ್ಯೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡೇ ಹೋಗಬೇಕು.

ಉತ್ತರದ ಬಂದರು ನಗರ ಹ್ಯಾಂಬರ್ಗಿಗೆ ಹೊರಟಾಗ ವಿಮಾನವನ್ನು ಬಿಟ್ಟು ರೈಲನ್ನೇ ಹಿಡಿದೆವು. ಆರು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆರರಿಂದ ಹದಿನಾಲ್ಕರವರೆಗಿನವರನ್ನು ತಂದೆತಾಯಿಯ ಟಿಕೆಟ್ಟಿನಲ್ಲಿ ನಮೂದಿಸಿದರೆ ಅವರಿಗೂ ಉಚಿತ. ಐಸಿಇ ಎಂಬ ಅತಿವೇಗದ ರೈಲುಗಳಲ್ಲಿ ಪುಟ್ಟ ಮಕ್ಕಳ ಕುಟುಂಬಗಳಿಗೆಂದೇ ಬಾಗಿಲು ಹಾಕಿಕೊಳ್ಳಬಹುದಾದ ವಿಭಾಗವಿದೆ. ಅದು ಬೇಗ ತುಂಬಿಹೋಗುವುದರಿಂದ ಆಸನಗಳನ್ನು ಮುಂಗಡವಾಗಿಯೇ ಕಾಯ್ದಿರಿಸಬೇಕು.

ದಾರಿಯಲ್ಲಿ ವುಪರ್ಟಾಲ್ ನಗರದಲ್ಲಿ ಇಳಿದದ್ದು ಮಕ್ಕಳಿಗಾಗಿಯೇ. ಅಲ್ಲಿ 1901ರಿಂದ ಓಡುತ್ತಿರುವ ತೂಗುರೈಲು ಇದೆ. ಹಳಿ ಮೇಲಿದ್ದು, ಬೋಗಿಗಳು ಅದರಿಂದ ಕೆಳಗೆ ನೇತಾಡುತ್ತಾ, ಹೆಚ್ಚಿನ ದೂರ ವುಪರ್ ನದಿಯ ನೆತ್ತಿಯ ಮೇಲೆಯೇ ಸಾಗುತ್ತವೆ. ಒಟ್ಟು 13.3 ಕಿಲೋಮೀಟರ್, 20 ನಿಲ್ದಾಣಗಳು. ಕಣಿವೆ ಕಿರಿದಾಗಿದ್ದು ನೆಲದ ಮೇಲೆ ಹಳಿ ಹಾಕಲು ಜಾಗವಿಲ್ಲದ್ದರಿಂದ ನದಿಯ ಮೇಲಿನ ಆಕಾಶವನ್ನೇ ಬಳಸಿಕೊಂಡರು. ಈಗಲೂ ಅದು ಜನ ಕೆಲಸಕ್ಕೆ ಹೋಗುವ ಸಾಮಾನ್ಯ ಸಾರಿಗೆ, ಊರಿನ ಮಾಮೂಲಿ ಟಿಕೆಟ್ಟೇ ಸಾಕು. 1950ರಲ್ಲಿ ಸರ್ಕಸ್ಸಿನವರು ಪ್ರಚಾರಕ್ಕಾಗಿ ಟುಫಿ ಎಂಬ ಮರಿಯಾನೆಯನ್ನು ಇದರಲ್ಲಿ ಹತ್ತಿಸಿದರು. ಗಾಬರಿಗೊಂಡ ಅದು ಬೋಗಿಯ ಗೋಡೆಯನ್ನು ಮುರಿದುಕೊಂಡು ನದಿಗೆ ಹಾರಿತು, ಆದರೆ ಬದುಕುಳಿಯಿತು. ಈ ಕಥೆಯನ್ನು ರೈಲಿನಲ್ಲಿಯೇ ಹೇಳಿದೆ. "ಅಮ್ಮ, ಆನೆಗೆ ಪೆಟ್ಟಾಯ್ತಾ?" ಎಂದು ಕೇಳಿದ ಮಗಳು, ಸಣ್ಣ ಗಾಯವಷ್ಟೇ ಎಂದು ತಿಳಿದ ಮೇಲೆ ಇನ್ನೊಮ್ಮೆ ಕೊನೆಯ ನಿಲ್ದಾಣದವರೆಗೆ ಹೋಗೋಣವೆಂದಳು, ಹೋದೆವು.

ಹ್ಯಾಂಬರ್ಗಿನಲ್ಲಿ ಎಲ್ಬೆ ನದಿಯೇ ನಮ್ಮ ಮುಖ್ಯ ಕಾರ್ಯಕ್ರಮವಾಯಿತು. 1911ರಲ್ಲಿ ತೆರೆದ ಹಳೆಯ ಎಲ್ಬೆ ಸುರಂಗಕ್ಕೆ ಲಿಫ್ಟಿನಲ್ಲಿ ಸ್ಟ್ರೋಲರ್ ಸಮೇತ ಇಳಿದು, ಸುಮಾರು 24 ಮೀಟರ್ ಆಳದಲ್ಲಿ ನದಿಯ ಕೆಳಗೆ ನಡೆದು ಆಚೆ ದಡಕ್ಕೆ ಹೋಗಬಹುದು, ಪಾದಚಾರಿಗಳಿಗೆ ಶುಲ್ಕವಿಲ್ಲ. ಗೋಡೆಯಲ್ಲಿ ಮೀನು, ಏಡಿಗಳ ಉಬ್ಬುಚಿತ್ರಗಳಿವೆ, ಅವನ್ನು ಹುಡುಕುತ್ತಾ ಹೋಗುವಷ್ಟರಲ್ಲಿ ಮಕ್ಕಳಿಗೆ ದೂರ ತಿಳಿಯುವುದಿಲ್ಲ. ಇನ್ನೊಂದು ದಿನ ಬಂದರಿನ ದೋಣಿಗಟ್ಟೆಯಾದ ಲಾಂಡುಂಗ್ಸ್‌ಬ್ರ್ಯೂಕೆನ್‌ನಿಂದ 62ನೇ ಸಂಖ್ಯೆಯ ದೋಣಿ ಹತ್ತಿದೆವು. ಪ್ರವಾಸಿ ನೌಕೆಗಳಿಗೆ ದುಬಾರಿ ದರ ಕೊಡುವ ಅಗತ್ಯವಿಲ್ಲ, ನಗರ ಸಾರಿಗೆಯ ಟಿಕೆಟ್ಟಿನಲ್ಲಿಯೇ ಈ ದೋಣಿ ಬಂದರಿನ ಹಡಗುಗಳನ್ನು ತೋರಿಸುತ್ತಾ ಹೋಗುತ್ತದೆ. ನೊಯ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿದರೆ ಏವೆಲ್‌ಗ್ಯೋನೆಯ ಮರಳು ದಂಡೆ. ಮರಳಿನಲ್ಲಿ ಆಡುತ್ತಿರುವಾಗಲೇ ಎದುರಿಗೆ ಭಾರೀ ಕಂಟೇನರ್ ಹಡಗುಗಳು ಸಾಗುತ್ತವೆ. ಅವುಗಳ ಹಿಂದೆ ಬರುವ ಅಲೆ ದಡದವರೆಗೂ ನುಗ್ಗುವುದರಿಂದ ಚಿಕ್ಕವರನ್ನು ನೀರಿನ ಅಂಚಿಗೆ ಬಿಡಬಾರದು. ಅಲ್ಲಿ ಈಜುವುದಂತೂ ಅಪಾಯ.

ಮಳೆಯ ದಿನಕ್ಕೆಂದು ಮಿನಿಯಾಟುರ್ ವುಂಡರ್‌ಲಾಂಡನ್ನು ಇಟ್ಟುಕೊಂಡಿದ್ದೆವು. ಹಳೆಯ ಗೋದಾಮುಗಳ ಬಡಾವಣೆಯಲ್ಲಿ ಅವಳಿ ಸೋದರರಾದ ಫ್ರೆಡೆರಿಕ್ ಮತ್ತು ಗೆರಿಟ್ ಬ್ರೌನ್ 2001ರಲ್ಲಿ ತೆರೆದ ಈ ಪುಟಾಣಿ ರೈಲುಲೋಕದಲ್ಲಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ರಾತ್ರಿಯಾಗಿ ದೀಪಗಳು ಹೊತ್ತಿಕೊಳ್ಳುತ್ತವೆ, ವಿಮಾನಗಳು ಓಡುದಾರಿಯಿಂದ ಮೇಲೇರುತ್ತವೆ, ಗುಂಡಿ ಒತ್ತಿದರೆ ಯಾವುದೋ ಮೂಲೆಯಲ್ಲಿ ಏನೋ ಚಲಿಸುತ್ತದೆ. ಮಗಳು ಒಂದೊಂದೇ ಗುಂಡಿಯನ್ನು ಒತ್ತಿ, ಏನು ಚಲಿಸಿತೆಂದು ಅಜ್ಜಿಗೆ ತೋರಿಸುತ್ತಾ ಸಾಗಿದಳು. ಮಳೆ ಬಂದರೆ ಊರಿನ ಎಲ್ಲ ಕುಟುಂಬಗಳಿಗೂ ಇದೇ ಯೋಚನೆ ಬರುತ್ತದೆ. ಆದ್ದರಿಂದ ಹವಾಮಾನದ ಮುನ್ಸೂಚನೆ ನೋಡಿ ಹಿಂದಿನ ದಿನಗಳಲ್ಲಿಯೇ ವೇಳೆ ನಮೂದಿಸಿದ ಟಿಕೆಟ್ ಕೊಳ್ಳಬೇಕು. ಬೆಳಗಿನ ಮೊದಲ ವೇಳೆಯನ್ನೇ ಆರಿಸಿದರೆ ಜನ ಸೇರುವ ಮುನ್ನ ಮಕ್ಕಳು ಮುಂದಿನ ಸಾಲಿನಲ್ಲಿ ನಿಂತು ನೋಡಬಹುದು, ಮೂರು ವರ್ಷದ ಮಗುವನ್ನು ಗಂಟೆಗಟ್ಟಲೆ ಎತ್ತಿಕೊಂಡು ನಿಲ್ಲಬೇಕಾಗುವುದಿಲ್ಲ.