ದಾರಿಹೋಕರು ಬೀದಿಯ ಹಾಡನ್ನು ಕೇಳುವ ಬಗೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಚಿಂತಾಮಣಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಹಾಡುವವರ ಮುಂದೆ ಹಾದುಹೋಗುವವರ ಕಿವಿಗೆ ಬೀಳುವುದು ಹಾಡಿನ ಒಂದು ತುಣುಕು ಮಾತ್ರ. ಏಕತಾರಿ ಮೀಟುತ್ತ ಹಾಡುವ ತತ್ವಪದವನ್ನು ಆ ತುಣುಕಿನಿಂದ ಅಳೆಯಲಾಗದು. ಪಲ್ಲವಿ ಒಮ್ಮೆಯಾದರೂ ಮರಳಿ ಬರುವವರೆಗೆ ನಿಲ್ಲಿ. ಮೊದಲು ಒಗಟಿನಂತೆ ಕೇಳಿಸಿದ ಸಾಲು ನಡುವೆ ಒಂದು ನುಡಿ ಮುಗಿದ ಮೇಲೆ ಮತ್ತೆ ಬಂದಾಗ ಅರ್ಥ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಹೆಚ್ಚೆಂದರೆ ಎರಡು ಮೂರು ನಿಮಿಷ ಸಾಕು. ಬಿಡುವಿದ್ದರೆ ಕೊನೆಯ ನುಡಿಯವರೆಗೂ ಇರಿ, ಏಕೆಂದರೆ ರಚಿಸಿದವರ ಅಂಕಿತ ಸಾಮಾನ್ಯವಾಗಿ ಬರುವುದು ಅಲ್ಲಿಯೇ. ‘ಅಮರನಾರೇಯಣ’ ಎಂದು ಕೇಳಿಸಿದರೆ ಅದು ಇದೇ ಜಿಲ್ಲೆಯ ಕೈವಾರದ ಯೋಗಿ ನಾರೇಯಣರ ಪದವೆಂದು ತಿಳಿಯಬಹುದು. ಅವರ ಪದಗಳು ತೆಲುಗಿನಲ್ಲೂ ಕನ್ನಡದಲ್ಲೂ ಇವೆ, ಈ ಸೀಮೆಯ ಹಾಡುಗಾರರು ಎರಡನ್ನೂ ಒಂದರ ಬೆನ್ನಿಗೊಂದು ಹಾಡುತ್ತಾರೆ. ಅರ್ಥವಾಗದ ಭಾಷೆ ಬಂತೆಂದು ಅಲ್ಲಿಂದ ಹೊರಟುಬಿಡುವುದು ಅವಸರವೇ ಸರಿ.

ನಿಲ್ಲುವ ಜಾಗವೂ ಮುಖ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ವಾಹನಗಳ ಗದ್ದಲದಲ್ಲಿ ಮೊದಲು ಮುಳುಗುವುದು ವ್ಯಂಜನಗಳು. ಆದ್ದರಿಂದಲೇ ರಸ್ತೆಯ ಆಚೆ ಬದಿಯಿಂದ ಧಾಟಿ ತಿಳಿದರೂ ಮಾತು ತಿಳಿಯುವುದಿಲ್ಲ. ಪದ ಕೇಳುವವರು ನಾಲ್ಕೈದು ಅಡಿ ಹತ್ತಿರಕ್ಕೆ ಬಂದು, ಅಂಗಡಿಯ ಬಾಗಿಲಿಗೆ ಅಡ್ಡವಾಗದಂತೆ ಹಾಡುಗಾರರ ಪಕ್ಕಕ್ಕೆ ನಿಲ್ಲುವುದು ಒಳ್ಳೆಯದು. ತಮಟೆಗೆ ಇದು ಸಲ್ಲದು. ಹತ್ತಿರ ನಿಂತರೆ ಪೆಟ್ಟಿನ ಅಬ್ಬರವಷ್ಟೇ ಕಿವಿಗೆ ಸಿಗುತ್ತದೆ; ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದರೆ ದಪ್ಪ ಕೋಲಿನ ಪೆಟ್ಟು ಯಾವುದು, ಎಡೆಯಲ್ಲಿ ಸಣ್ಣ ಕಡ್ಡಿ ನುಡಿಸುವುದು ಯಾವುದು ಎಂದು ಬೇರೆಬೇರೆಯಾಗಿ ಕೇಳುತ್ತದೆ. ಬಾರಿಸುವವರು ನಡುವೆ ನಿಲ್ಲಿಸಿ ಬೆಂಕಿಗೆ ತಮಟೆ ಹಿಡಿದರೆ ಹೊರಟುಹೋಗಬೇಡಿ. ತೇವಕ್ಕೆ ಸಡಿಲಗೊಂಡ ಚರ್ಮ ಕಾವಿಗೆ ಬಿಗಿದು ನಾದ ಏರುತ್ತದೆ, ಒಳ್ಳೆಯ ವಾದನ ಅದರ ನಂತರವೇ ಬರುತ್ತದೆ. ಈ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ ಎಂಬುದನ್ನು, ಅದನ್ನು ಬರೀ ಸದ್ದೆಂದು ಮುಖ ಸಿಂಡರಿಸುವವರಿಗೆ ಹೇಳಬೇಕಾಗಿದೆ.

ಹೊತ್ತು ನೋಡಿಕೊಂಡು ಹೋಗಿ. 2007ರ ಜನವರಿ 12ರ ಬೆಳಿಗ್ಗೆ ವಾಷಿಂಗ್ಟನ್ನಿನ ಮೆಟ್ರೊ ನಿಲ್ದಾಣವೊಂದರಲ್ಲಿ ಹೆಸರಾಂತ ಪಿಟೀಲುವಾದಕ ಜೋಶುವಾ ಬೆಲ್ ಗುರುತು ಹೇಳದೆ 43 ನಿಮಿಷ ನುಡಿಸಿದಾಗ, ಹಾದುಹೋದ 1,097 ಮಂದಿಯಲ್ಲಿ ನಿಂತು ಕೇಳಿದವರು ಏಳು ಜನ. ಜನರಿಗೆ ರಸಿಕತೆಯಿಲ್ಲ ಎನ್ನಲು ಇದನ್ನು ಉದಾಹರಿಸುವುದುಂಟು. ನನಗೆ ಮಾತ್ರ ಇದರಲ್ಲಿ ಕಾಣುವುದು ಕಚೇರಿಗೆ ಓಡುವವರ ಅವಸರ. ಬೆಂಗಳೂರಿನ ಬಸ್ಸು ಹಿಡಿಯುವ ಬೆಳಗಿನ ಗಡಿಬಿಡಿಯಲ್ಲಿ ನಾವೂ ನಿಲ್ಲುವುದಿಲ್ಲ. ಸಂಜೆಯ ಹೊತ್ತು, ಸಂತೆಯ ದಿನ, ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆ ಇವೆಲ್ಲ ಕೇಳಲು ತಕ್ಕ ಸಮಯಗಳು.

ಹಣ ಕೊಡುವುದಕ್ಕೂ ಒಂದು ರೀತಿಯಿದೆ. ಕೀಬೋರ್ಡು, ಮೈಕು ಇಟ್ಟುಕೊಂಡು ಸಿನಿಮಾ ಹಾಡು ಹಾಡುವ ಅಂಧ ಕಲಾವಿದರ ತಂಡಕ್ಕೆ ನೋಟು ಹಾಕುವಾಗ ಎಷ್ಟೆಂದು ಬಾಯಿಬಿಟ್ಟು ಹೇಳಿ, ಏಕೆಂದರೆ ನಾಣ್ಯ ಬಿದ್ದದ್ದು ಅವರಿಗೆ ತಿಳಿಯುತ್ತದೆ, ನೋಟು ಬಿದ್ದದ್ದು ತಿಳಿಯುವುದಿಲ್ಲ. ಮೊಬೈಲಿನಲ್ಲಿ ಕಳಿಸುವುದಾದರೆ ಹಾಡು ಮುಗಿಯುವವರೆಗೆ ಕಾಯಿರಿ. ಇಲ್ಲವಾದರೆ ಇಂತಿಷ್ಟು ರೂಪಾಯಿ ಬಂದಿದೆ ಎಂದು ಅವರ ಬಳಿಯ ಸ್ಪೀಕರ್ ಪೆಟ್ಟಿಗೆ ಕೂಗುವ ದನಿ ಚರಣದ ನಡುವೆ ತೂರಿಕೊಳ್ಳುತ್ತದೆ. ಕೋಲೆಬಸವನ ಜೊತೆ ಓಲಗ ಊದುತ್ತ ಮನೆಬಾಗಿಲಿಗೆ ಬರುವವರು ಅಕ್ಕಿ, ರಾಗಿ, ಹಳೆಯ ಬಟ್ಟೆಯನ್ನೂ ಸ್ವೀಕರಿಸುತ್ತಾರೆ.

ವಿಡಿಯೊ ಮಾಡುವ ಮುನ್ನ ಅನುಮತಿ ಕೇಳಿ. ಹಾಡು ಹಿಡಿಸಿತೆಂದರೆ ಮುಗಿದ ಮೇಲೆ, ‘ಇದು ಯಾರ ಪದ ತಾತ? ಇನ್ನೊಂದು ಹಾಡ್ತೀರಾ?’ ಎಂದು ವಿಚಾರಿಸಿ. ಇಂಥದೇ ಹಾಡಬೇಕೆಂದು ಹಟ ಮಾಡಬೇಡಿ. ತಾವಾಗಿ ಆರಿಸಿಕೊಂಡ ಪದವನ್ನೇ ಅವರು ಚೆನ್ನಾಗಿ ಹಾಡುತ್ತಾರೆ.